ಕೌದಿಯೊಳಗಿನ ಶಭಾಷ್

ಹೋದ ತಿಂಗಳು ತರಬೇತಿಗೆಂದು ನರಗುಂದಕ್ಕೆ ಹೋಗಿದ್ದೆ. ಊಟದ ಬಿಡುವಿನಲ್ಲಿ ಗೆಳತಿ ಶಶಿಕಲಾ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ತನ್ನ ಶಾಲೆಯ ಹಿಂದಿನ ಕೋಣೆಯೊಂದರ ಬೀಗ ತೆಗೆದಳು. ನನ್ನ ಸ್ಟುಡಿಯೋ ನೋಡು ಬಾ ಅಂತ. ಬಾಗಿಲು ತೆರೆದದ್ದೇ ತಡ, ಮೂಗಿಗೆ ಬಡಿದದ್ದು ಕೌದಿಯ ವಾಸನೆ. ಹಳೆಯ ಸೀರೆ, ಹಳೆಯ ಧೋತರ ಪದರ ಪದರ ಇಟ್ಟು ಹೊಲಿದು, ಮಳೆಗಾಲವೆಲ್ಲ ಟ್ರಂಕಿನಲ್ಲಿ ಮಡಚಿಟ್ಟ ಕೌದಿಗೆ ಒಂದು ವಾಸನೆ ಇರುತ್ತದಲ್ಲ, ಅದೇ. ಮೂರು ಗೋಡೆಗೂ ಮೊಳೆ ಹೊಡೆದು ಕೌದಿ ಇಳಿಬಿಟ್ಟಿದ್ದರು, ಧ್ವನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು. ನಾಲ್ಕನೆಯ ಗೋಡೆಗೆ ಹಸಿರು ಬಟ್ಟೆ. ಆ ಹಸಿರು ಬಟ್ಟೆಯ ಗುರುತು ನನಗೆ ಚೆನ್ನಾಗಿಯೇ ಇತ್ತು. ಅದನ್ನು ನೋಡುತ್ತ ನಾನು ಒಂದಿಡೀ ವರ್ಷ ಹಲ್ಲು ಕಡಿದಿದ್ದೇನೆ.

ಆ ವರ್ಷದ ಮಾತು ಹೇಳಬೇಕಾದರೆ ಹೊಟ್ಟೆಕಿಚ್ಚಿನ ಮಾತು ಮೊದಲು ಹೇಳಬೇಕು. ನನಗೆ ಶಶಿಕಲಾಳ ಮೇಲೆ ಹೊಟ್ಟೆಕಿಚ್ಚಿತ್ತು. ಈಗಲೂ ಪೂರ್ತಿ ಆರಿಲ್ಲ. ಅದಕ್ಕೆ ನಾಚಿಕೆಪಡುವ ಕಾರಣವೂ ನನಗೆ ಕಾಣುವುದಿಲ್ಲ, ಯಾಕೆಂದರೆ ನನ್ನ ಜಾಗದಲ್ಲಿ ಯಾರಿದ್ದರೂ ಅವರ ಹೊಟ್ಟೆಯೂ ಉರಿಯುತ್ತಿತ್ತು.

ನಾವಿಬ್ಬರೂ ಗಜೇಂದ್ರಗಡದಲ್ಲಿ ಒಂದೇ ಕೋಣೆ ಬಾಡಿಗೆ ಹಿಡಿದು ಬಿ.ಎಡ್. ಮಾಡಿದವರು. ಗಣಿತದಲ್ಲಿ ನಾನು ಮುಂದು. ಅವಳಿಗೆ ಹತ್ತದ ಲೆಕ್ಕವನ್ನು ನಾನೇ ಬಿಡಿಸಿಕೊಡುತ್ತಿದ್ದೆ. ಮರುದಿನ ಅದೇ ಲೆಕ್ಕವನ್ನು ಅವಳು ಪಾಠದ ಪರೀಕ್ಷೆಯಲ್ಲಿ ಹಾಡಿನ ಹಾಗೆ ಹೇಳಿ ಎಲ್ಲರ ಬಾಯಲ್ಲೂ ಹೊಗಳಿಸಿಕೊಳ್ಳುತ್ತಿದ್ದಳು. ದೇವರು ಅವಳಿಗೆ ಬೆಲ್ಲದಂಥ ಗಂಟಲು ಕೊಟ್ಟಿದ್ದ. ನನ್ನದು ಒಡಕು ಗಂಟಲು. ಸುಮ್ಮನೆ ಊಟ ಆಯಿತಾ ಅಂತ ಕೇಳಿದರೂ ಬೈದಂತೆ ಕೇಳಿಸುತ್ತದೆ. ಆಮೇಲೆ ಅವಳಿಗೆ ನರಗುಂದದ ಕಡೆ ನೌಕರಿ ಆಯಿತು, ನನಗೆ ಸೂಡಿಯ ದಾರಿಯ ಒಂದು ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಯಾವ ಹುಡುಗಿ, ಯಾರ ಮಗಳು ಅಂತ ಶುರುವಾಗುತ್ತದೆ.

ನಮ್ಮ ಶಾಲೆಯಲ್ಲಿ ಶಿಕ್ಷಕಿಯರನ್ನು ಇಂದಿಗೂ ಅಕ್ಕೋರು ಅಂತಲೇ ಕರೆಯುತ್ತಾರೆ. ನಾನು ಗಣಿತದ ಅಕ್ಕೋರು. ನನ್ನ ಪಾಠದ ರೀತಿ ಒಂದೇ: ಹುಡುಗರನ್ನು ಬೋರ್ಡಿಗೆ ಕರೆಯುವುದು, ಲೆಕ್ಕ ಕೊಡುವುದು, ತಪ್ಪಿದರೆ ಒರೆಸಿ ಇನ್ನೊಮ್ಮೆ ಹಾಕಿಸುವುದು. "ಮತ್ತೊಮ್ಮೆ ಮಾಡ. ನಾ ಎಲ್ಲೂ ಹೊಂಟಿಲ್ಲ" ಅನ್ನುವುದು ನನ್ನ ಬಾಯಿಚಟ. ಹುಡುಗರು ಕಬಡ್ಡಿಯಲ್ಲಿ ಯಾರಾದರೂ ಔಟಾದರೆ ನನ್ನ ಒಡಕು ದನಿ ತೆಗೆದು ಅದನ್ನೇ ಅಂದು ಚಾಷ್ಟಿ ಮಾಡುತ್ತಿದ್ದರು. ನಾನು ಕೇಳಿಯೂ ಕೇಳದವಳಂತೆ ಇರುತ್ತಿದ್ದೆ.

ಆ ವರ್ಷ ಶಾಲೆ ಶುರುವಾದ ಹೊಸತರಲ್ಲಿ, ಹೊಲಗಳಲ್ಲಿ ಹೆಸರುಕಾಳು ಎರಡೆಲೆ ಬಿಟ್ಟ ಹೊತ್ತಿಗೆ, ಮೇಲಿನಿಂದ ಒಂದು ಸುತ್ತೋಲೆ ಬಂತು. ಹತ್ತನೆಯ ತರಗತಿಗೆ ಗಣಿತ, ವಿಜ್ಞಾನದ ಪಾಠಗಳು ಇನ್ನು ಪರದೆಯ ಮೇಲೆ ಬರುತ್ತವೆ. ಹಲವು ಶಾಲೆಗಳಲ್ಲಿ ಗಣಿತದ ಮಾಸ್ತರರೇ ಇರಲಿಲ್ಲ, ಅವರಿಗೆ ಅದು ಬೇಕಾಗಿತ್ತು, ಒಪ್ಪುತ್ತೇನೆ. ಆದರೆ ನಮ್ಮ ಶಾಲೆಯಲ್ಲಿ ನಾನಿದ್ದೆನಲ್ಲ! ನಮ್ಮ ಹೆಡ್‌ಮಾಸ್ತರು ಸಣ್ಣ ದನಿಯ, ನಗೆಮುಖದ ಮನುಷ್ಯ. ಯಾದಿಯಲ್ಲಿ ಹೆಸರು ಬಂದಮೇಲೆ ಮುಗಿಯಿತು, ನಿಯಮ ಎಲ್ಲರಿಗೂ ಒಂದೇ ಅಂದರು. ನಿಯಮಗಳನ್ನು ಅವರೇ ಓದಿ ಹೇಳಿದರು. ಪರದೆಯ ಪಾಠ ನಡೆಯುವಾಗ ವಿಷಯ ಶಿಕ್ಷಕರು ಕೋಣೆಯಲ್ಲೇ ಇರತಕ್ಕದ್ದು, ಬೇರೆ ಕೆಲಸಕ್ಕೆ ಹೋಗತಕ್ಕದ್ದಲ್ಲ. ಪಾಠದ ನಡುವೆ ಬಾಯಿ ಹಾಕತಕ್ಕದ್ದಲ್ಲ. ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಕ್ಕಳ ಸಂದೇಹ ಬಗೆಹರಿಸತಕ್ಕದ್ದು. ಕರೆಂಟು ಹೋದರೆ ಆ ಪಾಠ ನಡೆದಂತೆ ಲೆಕ್ಕವಿಲ್ಲ. ಕೊನೆಯಲ್ಲಿ, ಶಾಲೆಗೆ ದಿನಾ ಬರಲಾಗದ ಮಕ್ಕಳ ಸ್ವಂತ ಓದಿನ ಬಗ್ಗೆ ಇನ್ನೊಂದಷ್ಟು ನಿಯಮಗಳಿದ್ದವು. ಅವನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಾಯಿ ಹಾಕತಕ್ಕದ್ದಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ ಕೂತಿತ್ತು.

ಟೀವಿ ಬಂತು. ಅದನ್ನು ಕೂಡಿಸಿದ್ದೂ ನನ್ನ ಬೋರ್ಡಿನ ಮೇಲೆಯೇ. ಅರ್ಧ ಬೋರ್ಡು ಅದರ ಹಿಂದೆ ಹೋಯಿತು. ಮೊದಲ ದಿನ ನಾನು ಹಿಂದಿನ ಬಾಗಿಲಿನಿಂದ ಬಂದು ಕಡೆಯ ಬೆಂಚಿನಲ್ಲಿ ಕೂತೆ. ಯಾರೂ ಏಳಲಿಲ್ಲ, ನೋಡಿದ್ದರೆ ತಾನೆ. ಗುಂಡಿ ಒತ್ತಿದರು. ಹಸಿರು ಬಟ್ಟೆಯ ಮುಂದೆ ನೀಲಿ ಇಳಕಲ್ ಸೀರೆಯಲ್ಲಿ ನಿಂತು ಕೈ ಮುಗಿದವಳು ಯಾರು ಅಂತೀರಿ, ಶಶಿಕಲಾ! ನಮಸ್ಕಾರ ಮಕ್ಕಳೇ ಅಂದಳು. ಇಡೀ ಕ್ಲಾಸು ದಡಗ್ಗನೆ ಎದ್ದು ನಿಂತು ನಮಸ್ತೆ ಟೀಚರ್ ಅಂತ ಕೂಗಿತು. ಅವಳು ಟೀಚರ್, ನಾನು ಅಕ್ಕೋರು. ನನಗೆ ಆ ಕ್ಷಣಕ್ಕೇ ಉರಿ ಹತ್ತಿತು.

ಪಾಠ ಕೆಟ್ಟದಾಗಿತ್ತು ಅಂತ ಹೇಳುವ ಆಸೆ ಬಹಳ ಇತ್ತು. ಆದರೆ ಚೆನ್ನಾಗಿತ್ತು. ಬಣ್ಣಬಣ್ಣದ ತ್ರಿಕೋನಗಳು ತಾವೇ ಹೊರಳಿ ಒಂದರ ಮೇಲೊಂದು ಕೂಡುತ್ತಿದ್ದವು. ನಾನು ಸೀಮೆಸುಣ್ಣದಲ್ಲಿ ಗೀಚಿದರೆ ಹಾಗೆ ಕೂಡುತ್ತವೆಯೇ? ನಡುನಡುವೆ ಅವಳು ನಿಂತು, ತಲೆ ಸ್ವಲ್ಪ ಓರೆ ಮಾಡಿ, ಅರ್ಥ ಆಯ್ತಾ ಮಕ್ಕಳೇ ಅಂತ ಕೇಳುವಳು. ಉತ್ತರಕ್ಕೆ ಒಂದಿಷ್ಟು ಹೊತ್ತು ಬಿಡಬೇಕೆಂದು ಅವಳಿಗೂ ನಿಯಮವಂತೆ. ಅಷ್ಟು ಹೊತ್ತು ನಗುತ್ತ ನಿಂತಿರುವಳು. ನಮ್ಮ ಹುಡುಗರು ಸೂರು ಹಾರುವ ಹಾಗೆ ಹೌದ್ರಿ ಅನ್ನುವರು. ಅವಳು ಶಭಾಷ್, ಮುಂದೆ ಹೋಗೋಣ ಅನ್ನುವಳು. ಹುಡುಗರ ಮುಖ ಅರಳುವುದು. ನಾನು ವರ್ಷಕ್ಕೊಮ್ಮೆ ಶಭಾಷ್ ಅನ್ನುವವಳು, ಇವಳು ಪಾಠಕ್ಕೆ ಹತ್ತು ಸಲ ಹಂಚುತ್ತಿದ್ದಳು.

ಒಂದು ದಿನ ಪಾಠದ ನಡುವೆ ಕರೆಂಟು ಹೋಯಿತು. ನನಗೆ ಆದ ಸಂತೋಷ ಹೇಳತೀರದು. ಸೀಮೆಸುಣ್ಣ ಹಿಡಿದು ಎದ್ದು, ಉಳಿದ ಅರ್ಧ ಬೋರ್ಡಿನಲ್ಲಿ ಶುರುಮಾಡಿದೆ. ಮುಂದಿನ ಬೆಂಚಿನ ಹುಡುಗನೊಬ್ಬ ಬಹಳ ವಿನಯದಿಂದ ಎದ್ದು, "ಅಕ್ಕೋರ, ಕರೆಂಟ್ ಬರೂತನಾ ಕಾಯೂನ್ರಿ" ಅಂದ. ಸೀಮೆಸುಣ್ಣ ಕೆಳಗಿಟ್ಟು ಕಡೆಯ ಬೆಂಚಿಗೆ ವಾಪಸು ಹೋದೆ. ಶನಿವಾರಗಳಂದು ಹುಡುಗರ ತಾಯಂದಿರೂ ಹೊಲಕ್ಕೆ ಹೋಗುವ ಮುಂಚೆ ಕಿಟಕಿಯಲ್ಲಿ ನಿಂತು ಟೀವಿ ಟೀಚರನ್ನು ನೋಡಿ ಹೋಗುತ್ತಿದ್ದರು. ಆಕೆಯ ಸೀರೆ ನೋಡ್ರಿ, ಒಂದು ದಿನ ಉಟ್ಟದ್ದು ಇನ್ನೊಂದು ದಿನ ಇಲ್ಲ ಅಂತ ನನಗೇ ಹೇಳುವರು. ನಾನು ನನ್ನ ಸೆರಗಿನ ಸೀಮೆಸುಣ್ಣದ ಹುಡಿ ಝಾಡಿಸಿಕೊಂಡು ಹೌದ್ರಿ ಅನ್ನುತ್ತಿದ್ದೆ.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾರದೆ ಹೋದದ್ದು ರೇಣುಕಾಳ ವಿಷಯ. ಎಂಟನೆಯ ತರಗತಿಯಿಂದ ನಾನು ತಿದ್ದಿದ ಹುಡುಗಿ. ಉದ್ದ ಕಾಲು, ಉದ್ದ ಜಡೆ, ಚೂಟಿ ಅಂತೇನೂ ಅಲ್ಲ, ಆದರೆ ಹಟ ಗಟ್ಟಿ. ಒಂದು ಲೆಕ್ಕ ಹತ್ತಲಿಲ್ಲವೆಂದರೆ ಶಾಲೆ ಬಿಟ್ಟಮೇಲೂ ಬೋರ್ಡಿನ ಮುಂದೆ ನಿಂತಿರುವಳು, ಜವಾನ ಬೀಗದಕೈ ಅಲ್ಲಾಡಿಸುವವರೆಗೆ. ನಾನೂ ನಿಂತಿರುತ್ತಿದ್ದೆ. ನನಗೆ ಮಕ್ಕಳಿಲ್ಲ, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಆ ವರ್ಷ ಅವಳು ಕಡೆಯ ಬೆಂಚು, ಅಂದರೆ ನನ್ನ ಪಕ್ಕ, ಬಿಟ್ಟು ಮೊದಲ ಬೆಂಚಿಗೆ ಹೋಗಿ ಟೀವಿಗೆ ಮೂಗು ತಾಗುವ ಹಾಗೆ ಕೂತಳು. ಶಶಿಕಲಾಳ ಹಾಗೆ ತಲೆ ಓರೆ ಮಾಡಿ ಮಾತಾಡುವುದನ್ನೂ ಕಲಿತಳು.

ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಕೊಡುವ ಪದ್ಧತಿ. ಹುಡುಗರು ಗುಂಪುಗೂಡಿ ಮನೆ ಮನೆಗೆ ಬಂದು, ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಂತ ಎಲೆ ಕೈಯಲ್ಲಿಟ್ಟು ಕಾಲಿಗೆ ಬೀಳುತ್ತಾರೆ. ನಾನು ಆ ಊರಲ್ಲೇ ಬಾಡಿಗೆಗಿದ್ದೆ. ನನ್ನ ಮನೆಗೂ ಬಂದರು. ಅವಲಕ್ಕಿ ಮಾಡಿಟ್ಟಿದ್ದೆ. ರೇಣುಕಾ ನನಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದು, ಎದ್ದು, ಬನ್ನಿಯ ಇನ್ನೊಂದು ಪುಟ್ಟ ಟೊಂಗೆ ಮುಂದೆ ಹಿಡಿದಳು.

"ಇದು ಟೀವಿ ಟೀಚರಿಗ್ರಿ. ಎಲ್ಲಾರೂ ಕೂಡಿ ಕೊಟ್ಟೇವಿ. ನೀವ ಮುಟ್ಟಿಸ್ರಿ, ಅಕ್ಕೋರ."

ಮರುದಿನ ಅದನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು ನರಗುಂದಕ್ಕೆ ಅಂಚೆಗೆ ಹಾಕಿದೆ. ಮಕ್ಕಳು ಒಪ್ಪಿಸಿದ್ದನ್ನು ಮುಟ್ಟಿಸದಿರುವವಳಲ್ಲ ನಾನು. ಆದರೆ ಒಳಗೆ ಒಂದು ಸಾಲೂ ಬರೆಯಲಿಲ್ಲ.

ದೀಪಾವಳಿ ಆದ ಮೇಲೆ ರೇಣುಕಾಳ ತಂದೆ ತಾಯಿ ಶಾಲೆಗೆ ಬಂದರು. ಕಬ್ಬು ಕಡಿಯುವ ತಂಡದ ಜೊತೆ ಹೊಳೆಮಣ್ಣೂರಿಗೆ ಹೊರಟಿದ್ದರು, ಮಲಪ್ರಭೆಯ ದಂಡೆಗೆ. ಸುಗ್ಗಿ ಮುಗಿಯುವವರೆಗೆ ಅಲ್ಲೇ. ಚಿಕ್ಕ ಮಗಳನ್ನು ನೋಡಿಕೊಳ್ಳಲು, ರೊಟ್ಟಿ ಬಡಿಯಲು ರೇಣುಕಾ ಬೇಕೇ ಬೇಕು. ಹಿಂದಿನ ವರ್ಷಗಳಲ್ಲಿ ಅಜ್ಜಿ ಇದ್ದಳು, ರೇಣುಕಾ ಅಜ್ಜಿಯ ಹತ್ತಿರ ಇದ್ದು ಶಾಲೆಗೆ ಬರುತ್ತಿದ್ದಳು. ಅಜ್ಜಿ ಬೇಸಿಗೆಯಲ್ಲಿ ತೀರಿಹೋಗಿದ್ದಳು. ಹತ್ತನೆಯ ಪರೀಕ್ಷೆಗೆ ಹೆಸರು ನೋಂದಾಗಿತ್ತು, ಆದರೆ ಹಾಜರಿ ಕಡಿಮೆಯಾದರೆ ಕೂಡಿಸುವುದಿಲ್ಲ. ಒಂದು ಸಲ ಹತ್ತನೆಯದು ಬಿಟ್ಟ ಹೆಣ್ಣುಮಗಳನ್ನು ವಾಪಸು ಬೆಂಚಿಗೆ ಕೂಡಿಸಿದ್ದನ್ನು ನಾನು ಕಂಡದ್ದು ಕಡಿಮೆ.

ಆಗ ಹೆಡ್‌ಮಾಸ್ತರು ಆ ಸುತ್ತೋಲೆಯ ಕೊನೆಯ ಭಾಗ ತೆಗೆದರು, ನಾನು ಕಿವಿಗೆ ಹಾಕಿಕೊಳ್ಳದಿದ್ದದ್ದು. ದಿನಾ ಬರಲಾಗದ ವಿದ್ಯಾರ್ಥಿ ಫೋನಿನಲ್ಲಿ ಪಾಠ ನೋಡಿ ಸ್ವಂತ ಓದಬಹುದು. ಹಾಜರಿಯನ್ನು ಬೆಂಚಿನಲ್ಲಿ ಕೂತದ್ದರಿಂದ ಅಲ್ಲ, ಮಾಡಿ ತೋರಿಸಿದ ಕೆಲಸದಿಂದ ಲೆಕ್ಕ ಹಿಡಿಯಬೇಕು. ಆದರೆ ಒಬ್ಬ ಶಿಕ್ಷಕರು ಜವಾಬ್ದಾರಿ ಹೊರಬೇಕು. ವಾರಕ್ಕೊಮ್ಮೆ ಮುಖಾಮುಖಿ ಕೂತು ಕೆಲಸ ನೋಡಿ, ಬಾಯಿಂದ ಕೇಳಿ, ಸಹಿ ಹಾಕಬೇಕು. ಅದು ನಡೆಯದಿದ್ದರೆ ಆ ಹಾಜರಿ ಇಲ್ಲ. ಶಿಕ್ಷಕರು ಯಾರೆಂದು ವಿದ್ಯಾರ್ಥಿಯನ್ನೇ ಕೇಳಬೇಕು ಅಂತಲೂ ಅದರಲ್ಲಿತ್ತು.

ನಾನು ಆಗಲೇ ಪೆನ್ನು ತೆಗೆದಿದ್ದೆ. ಹೆಡ್‌ಮಾಸ್ತರು ನಿಯಮದಂತೆ ರೇಣುಕಾಳನ್ನು ಕೇಳಿದರು. ಅವಳು ನೆಲ ನೋಡುತ್ತ ನಿಂತಳು.

"ಟೀವಿ ಟೀಚರ್ರಿ" ಅಂದಳು.

ಪೆನ್ನಿನ ಟೊಪ್ಪಿಗೆ ಹಾಕಿದೆ. ಮೂರು ವರ್ಷ ನಾನು ನಿಂತ ಕಾಲಲ್ಲಿ ನಿಂತು ತಿದ್ದಿದ್ದಕ್ಕೆ ಇದಾ ಅನ್ನಿಸಿತು. ನನ್ನ ಒಡಕು ಗಂಟಲು ಸಿಟ್ಟು ಬಿಟ್ಟು ಬೇರೇನನ್ನೂ ಹೊರಗೆ ಬಿಡುವುದಿಲ್ಲವಲ್ಲ. "ಹಂಗಾರ ಆಕಿನ್ನ ಕರಸ್ರಿ ವಾರಾವಾರಾ ನರಗುಂದದಿಂದ" ಅಂದು ಎದ್ದು ಬಂದೆ. ಆಮೇಲೆ ತಿಳಿಯಿತು, ಪರದೆಯ ಶಿಕ್ಷಕರು ಜವಾಬ್ದಾರಿ ಹೊರುವಂತಿಲ್ಲ, ಆಯಾ ಶಾಲೆಯವರೇ ಆಗಬೇಕು ಅಂತ ನಿಯಮದಲ್ಲೇ ಇತ್ತು. ಹೆಡ್‌ಮಾಸ್ತರು ನನ್ನ ಹೆಸರನ್ನೇ ಬರೆದುಕೊಂಡಿದ್ದರು. ಆದರೆ ಬರೆದುಕೊಂಡರೆ ಆಯಿತೇ? ಹೋಗಬೇಕಾದವಳು ನಾನು, ನಾನು ಹೋಗಲಿಲ್ಲ. ಮೊದಲ ಭಾನುವಾರ ಮನೆಯಲ್ಲಿ ಕೂತು ಶೇಂಗಾ ಸುಲಿದೆ. ಎರಡನೆಯ ಭಾನುವಾರ ಸುಲಿಯಲು ಶೇಂಗಾವೂ ಇರಲಿಲ್ಲ, ಸುಮ್ಮನೆ ಒಳಗೂ ಹೊರಗೂ ಓಡಾಡಿದೆ. ಹುಡುಗಿಯ ಹಾಜರಿ ಹೋಗುತ್ತಿದೆ ಅಂತ ಗೊತ್ತಿತ್ತು. ಬೇಕಾದವಳನ್ನು ಕರೆಸಿಕೊಳ್ಳಲಿ ಅನ್ನುವ ಉರಿ ಅದಕ್ಕಿಂತ ಜೋರಾಗಿತ್ತು.

ಆ ವಾರದ ಕೊನೆಗೆ ಹೆಡ್‌ಮಾಸ್ತರು ಚಹಾ ಕುಡಿಯುತ್ತ, ಬೇರೆ ಯಾವುದೋ ಮಾತಿನ ನಡುವೆ ಹೇಳಿದರು.

"ಶಶಿಕಲಾ ಟೀಚರ್ ಈ ಐತ್ವಾರ ತಾವ ಹೊಳೆಮಣ್ಣೂರಿಗೆ ಹೊಂಟಾರಂತ ನೋಡ್ರಿ. ತಮ್ಮ ಸಹಿ ನಡೀದಿದ್ರೂ ಹುಡುಗಿಗೆ ಧೈರ್ಯ ಬರತೈತಿ ಅಂದ್ರಂತ. ಭಾಳ ಚಲೋ ಮನಸು."

ನನಗೆ ಚಹಾ ನೆತ್ತಿಗೇರಿತು. ಪರದೆ ತಗೊಂಡಳು, ಬೋರ್ಡು ತಗೊಂಡಳು, ಬನ್ನಿ ತಗೊಂಡಳು, ಈಗ ಗುಡಿಸಲಿನವರೆಗೂ ನಡೆದಳೇ! ಭಾನುವಾರ ಮೊದಲ ಬಸ್ಸಿಗೇ ಹತ್ತಿದೆ. ಅವಳಿಗಿಂತ ಮುಂಚೆ ಹೋಗಬೇಕು, ಅವಳು ಇಳಿದಾಗ ನಾನು ಅಲ್ಲಿ ಕೂತಿರಬೇಕು, ಅಷ್ಟೇ. ರೋಣದಲ್ಲಿ ಬಸ್ಸು ಬದಲಿಸಿದೆ. ಎರೆಹೊಲಗಳಲ್ಲಿ ಬಿಳಿಜೋಳ ಮೊಣಕಾಲೆತ್ತರ ಬಂದಿತ್ತು, ಕಡಲೆ ಹೂ ಹಿಡಿದಿತ್ತು, ನಾನು ಒಂದನ್ನೂ ಸರಿಯಾಗಿ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಸವಡಿಯ ಹೆಣ್ಣುಮಗಳೊಬ್ಬಳು ಎಲ್ಲಿಗೆ ಹೊರಟಿರಿ ಅಕ್ಕೋರ ಅಂತ ಕೇಳಿದಳು. ಪಾಠ ಹೇಳಲು ಅಂದೆ. ಭಾನುವಾರವಾ ಅಂತ ಅವಳು ಬೆರಗಾದಳು.

ಹೊಳೆಮಣ್ಣೂರಿನಲ್ಲಿ ಮನೆಗಳ ಗೋಡೆಯ ಮೇಲೆ ಹೊಳೆ ಉಕ್ಕಿದಾಗಿನ ನೀರಿನ ಗೆರೆ ಇನ್ನೂ ಇತ್ತು. ಊರ ಹೊರಗೆ, ಕಡಿದ ಕಬ್ಬಿನ ಹೊಲದ ಅಂಚಿಗೆ, ಕಬ್ಬಿನ ಒಣಗಿದ ಗರಿ, ಅಂದರೆ ರವದಿ, ಹೊದಿಸಿದ ಗುಡಿಸಲುಗಳ ಸಾಲು. ರೇಣುಕಾಳ ತಾಯಿ ದ್ಯಾಮವ್ವ ಕೈಯಲ್ಲಿ ಕುಡುಗೋಲು ಹಿಡಿದೇ ಓಡಿಬಂದಳು. ಇಷ್ಟು ದೂರ ಯಾಕೆ ಬಂದಿರಿ ಅಂತ ನೀರು ಕೊಟ್ಟಳು. ಶಶಿಕಲಾ ಟೀಚರ್ ಬಂದಾರೇನು ಅನ್ನುವುದೇ ನನ್ನ ಮೊದಲ ಪ್ರಶ್ನೆ. ಯಾವ ಶಶಿಕಲಾ ಅಂತ ಅವಳು ಕೇಳಿದಳು. ಬಂದಿಲ್ಲ ಅನ್ನುವುದು ಖಾತ್ರಿಯಾಗಿ, ಗೆದ್ದೆ ಅಂದುಕೊಂಡೆ. ರೇಣುಕಾ ಎಲ್ಲಿ ಅಂದರೆ ಒಳಗೆ ಕೈ ತೋರಿಸಿದಳು.

ಒಳಗೆ ಒಂದು ಕೌದಿಯ ಗುಪ್ಪೆ ಇತ್ತು, ಮನುಷ್ಯರು ಕಾಣಲಿಲ್ಲ. ಹೊರಗೆ ಟ್ರ್ಯಾಕ್ಟರಿನ ಸದ್ದು, ಕಡಿಯುವವರ ಕೂಗು. ಆ ಗದ್ದಲ ಕೇಳಿಸಬಾರದೆಂದು ಹುಡುಗಿ ಅಪ್ಪನ ಫೋನು ಹಿಡಿದು ಕೌದಿ ಮುಸುಕೆಳೆದು ಕೂತಿದ್ದಳು. ಗುಪ್ಪೆಯೊಳಗಿಂದ ಶಶಿಕಲಾಳ ಬೆಲ್ಲದ ದನಿ ಬಂತು.

"ಅರ್ಥ ಆಯ್ತಾ ಮಕ್ಕಳೇ?"

"ಇಲ್ರಿ" ಅಂತು ಕೌದಿ.

ಒಂದಿಷ್ಟು ಹೊತ್ತು ಸುಮ್ಮನಿತ್ತು.

"ಶಭಾಷ್! ಮುಂದೆ ಹೋಗೋಣ."

ನಾನು ನಕ್ಕುಬಿಟ್ಟೆ. ಎಷ್ಟೋ ತಿಂಗಳಿಂದ ಕಟ್ಟಿಕೊಂಡಿದ್ದ ನಗು, ತಡೆಯಲಾಗಲಿಲ್ಲ. ಕೌದಿ ಸರಿಯಿತು. ಕೆದರಿದ ತಲೆ, ಬೆವೆತ ಮುಖ. ಹುಡುಗಿ ನನ್ನನ್ನು ನೋಡಿ ಮೊದಲು ಹೆದರಿದಳು, ಆಮೇಲೆ ಅಳತೊಡಗಿದಳು. ನನಗೆ ನಗು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಕೂತು, ನನ್ನನ್ನು ಯಾಕೆ ಬೇಡ ಅಂದೆ ಅಂತ ನೇರ ಕೇಳಿದೆ. ಸುತ್ತಿಬಳಸಿ ಕೇಳುವುದು ನನಗೆ ಬಾರದು.

"ಬ್ಯಾಡ ಅನಲಿಲ್ರಿ ಅಕ್ಕೋರ. ವಾರಾವಾರಾ ಬರಬೇಕಂತ ಸರ್ ಓದಿದ್ರಲ್ರಿ. ನೀವು ಬಸ್ಸಿನ್ಯಾಗ ಎಷ್ಟ ತ್ರಾಸ ತಗೋತೀರಿ? ಟೀವಿ ಟೀಚರಾದ್ರ ಫೋನಿನ್ಯಾಗ ಇರ್ತಾರ, ಬರೂದ ಬೇಕಾಗೂದಿಲ್ಲ."

ಈ ಲೆಕ್ಕಕ್ಕೆ ನಾನು ಏನೆಂದು ಗುರುತು ಹಾಕಲಿ? ವಾರಕ್ಕೊಮ್ಮೆ ಮುಖಾಮುಖಿ ಅಂದರೆ ಫೋನಿನಲ್ಲಿ ಮುಖ ಕಂಡರೆ ಸಾಕು ಅಂದುಕೊಂಡಿತ್ತು ಮಗು. ನಾನು ರವದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ, ಅವಳ ಪಾಟಿ ಎಳೆದುಕೊಂಡೆ. ಎರಡು ತ್ರಿಕೋನಗಳ ಲೆಕ್ಕ. ತಪ್ಪಿದಳು. ಒರೆಸಿದಳು. ಮತ್ತೆ ಅದೇ ಜಾಗದಲ್ಲಿ ತಪ್ಪಿದಳು. ಹೊರಗೆ ಬಿಸಿಲು ಇಳಿದಿತ್ತು. ಅವಳು ದಾರಿಯ ಕಡೆ ನೋಡಿ, ರೋಣದ ಬಸ್ಸು ತಪ್ಪುತ್ತದೆ ನಿಮಗೆ ಅಂದಳು.

"ಮತ್ತೊಮ್ಮೆ ಮಾಡ" ಅಂದೆ. "ನಾ ಎಲ್ಲೂ ಹೊಂಟಿಲ್ಲ."

ಬಸ್ಸು ತಪ್ಪಿತು. ಕಬ್ಬಿನ ಟ್ರ್ಯಾಕ್ಟರಿನವನ ಪಕ್ಕ ಕೂತು ಮೇನ್ ರೋಡಿಗೆ ಬಂದೆ. ಅಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಹೊಳೆಯಿತು, ಶಶಿಕಲಾ ಬರುತ್ತೇನೆ ಅಂದೇ ಇರಲಿಕ್ಕಿಲ್ಲ. ನಮ್ಮ ಹೆಡ್‌ಮಾಸ್ತರ ನಗೆಮುಖ ನೆನಪಾಯಿತು. ಆ ಮನುಷ್ಯ ನನ್ನ ಯಾವ ಗುಂಡಿ ಒತ್ತಬೇಕೋ ಅದನ್ನೇ ಒತ್ತಿದ್ದರು. ಮರುದಿನ ಅವರ ಮುಂದೆ ಹೋಗಿ ನಿಂತು, ಶಶಿಕಲಾ ಬರಲಿಲ್ಲ ಅಂದೆ. ಹೌದೇನ್ರಿ, ಏನೋ ಅಡಚಣೆ ಆಗಿರಬೇಕು ಅಂತ ಅವರು ಚಹಾಕ್ಕೆ ಹೇಳಿಕಳಿಸಿದರು.

ಆಮೇಲೆ ಚಳಿಗಾಲವೆಲ್ಲ ನನ್ನ ಭಾನುವಾರ ಹೊಳೆದಂಡೆಯಲ್ಲೇ. ಗುಡಿಸಲಿನಲ್ಲಿ ಕೂತರೆ ಮುಖಾಮುಖಿ ಅಂತ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ತಾಲೂಕಿನ ಕಚೇರಿಯಲ್ಲಿ ತಕರಾರು ಎದ್ದಿತು. ನಮ್ಮ ಹೆಡ್‌ಮಾಸ್ತರು ಅದೇ ಸಣ್ಣ ದನಿಯಲ್ಲಿ, ಶಾಲೆ ಒಪ್ಪಿದ ಸ್ಥಳ ಅಂತ ನಿಯಮದಲ್ಲಿದೆ, ಗೋಡೆ ಇರಬೇಕು ಅಂತ ಎಲ್ಲೂ ಬರೆದಿಲ್ಲ ಅಂದು ಗೆದ್ದು ಬಂದರು. ಜೋಳ ಹಾಲುಗಟ್ಟಿ ಸೀತನಿಯ ದಿನ ಬಂದಾಗ ದ್ಯಾಮವ್ವ ಎಳೆಯ ತೆನೆ ಸುಟ್ಟು, ಬಿಸಿಬಿಸಿ ಸೀತನಿ ತಿಕ್ಕಿ ನನ್ನ ಉಡಿಗೆ ಹಾಕುತ್ತಿದ್ದಳು. ತಿನ್ನುತ್ತ ತಿನ್ನುತ್ತ ಲೆಕ್ಕ ನಡೆಯುತ್ತಿತ್ತು.

ಇಷ್ಟಾಯಿತೆಂದು ನನ್ನ ಉರಿ ಆರಿತು ಅಂದುಕೊಳ್ಳಬೇಡಿ. ನಾನು ಅಷ್ಟು ದೂರ ಹೋಗಿ ಕೂತರೂ ಹುಡುಗಿಯ ಬಾಯಲ್ಲಿ ಟೀವಿ ಟೀಚರೇ. ಟೀವಿ ಟೀಚರ್ ಇದನ್ನು ಬಣ್ಣ ಹಾಕಿ ತೋರಿಸಿದರು, ಟೀವಿ ಟೀಚರ್ ನಂಬರು ಕೊಟ್ಟಿದ್ದಾರೆ, ಫೋನ್ ಮಾಡಿದರೆ ಎತ್ತುತ್ತಾರೆ, ಎಷ್ಟು ಚೆಂದ ಮಾತಾಡುತ್ತಾರೆ. ಸಂದೇಹಗಳಿಗಾಗಿ ಎಲ್ಲ ಶಾಲೆಗೂ ನಂಬರು ಕೊಟ್ಟಿದ್ದರು, ನಿಜ. ಆದರೂ ವಾರದ ಆರು ದಿನ ಇವರಿಬ್ಬರೂ ನನ್ನ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಿದ್ದಾರೆ ಅನ್ನುವುದು ನನಗೆ ಕಣ್ಣಲ್ಲಿ ಕಸ ಬಿದ್ದಂತೆ ಚುಚ್ಚುತ್ತಿತ್ತು. ಏನು ಮಾತಾಡುತ್ತಾರೆ ಅಂತ ಕೇಳಲು ಮಾತ್ರ ಮರ್ಯಾದೆ ಅಡ್ಡ ಬಂತು.

ಪರೀಕ್ಷೆಯ ಹೊತ್ತಿಗೆ ರೇಣುಕಾ ಊರಿಗೆ ಬಂದಳು. ಹಾಜರಿ ಕೊರತೆ ಮೊದಲಿನ ಎರಡು ವಾರದ್ದು ಮಾತ್ರ, ಅಷ್ಟಕ್ಕೆ ತಡೆಯುವಂತಿರಲಿಲ್ಲ. ಕೂತಳು, ಪಾಸಾದಳು. ಗಣಿತದಲ್ಲಿ ನಾನು ಊಹಿಸಿದ್ದಕ್ಕಿಂತ ಚೆನ್ನಾಗಿಯೇ ಬರೆದಿದ್ದಳು. ಪೇಡೆ ತಗೊಂಡು ಮನೆಗೆ ಬಂದು ಕಾಲಿಗೆ ಬಿದ್ದಳು. ಎಬ್ಬಿಸಿ ತಬ್ಬಿಕೊಂಡೆ. ಕಣ್ಣೊರೆಸಿಕೊಂಡು ಅವಳು ಹೇಳಿದ ಮೊದಲ ಮಾತು, ಟೀವಿ ಟೀಚರಿಗೆ ಒಂದು ಫೋನ್ ಹಚ್ಚಿಕೊಡ್ರಿ. ಹಚ್ಚಿಕೊಟ್ಟೆ. ಅಂಗಳದ ತುಂಬ ಓಡಾಡುತ್ತ ನಕ್ಕಳು, ಕುಣಿದಳು, ತಲೆ ಓರೆ ಮಾಡಿದಳು. ಫೋನು ನನ್ನದು, ಅಂಗಳ ನನ್ನದು, ಆ ನಗು ಮಾತ್ರ ನರಗುಂದಕ್ಕೆ ಹೋಯಿತು. ನಾನು ಹೊಸ್ತಿಲಲ್ಲಿ ಕೂತು ಪೇಡೆ ತಿಂದೆ.

ಇವೆಲ್ಲ ಹೋದ ತಿಂಗಳು ಆ ಕೌದಿ ವಾಸನೆಯಲ್ಲಿ ಒಮ್ಮೆಲೇ ಮೇಲೆ ಬಂದವು. ಶಶಿಕಲಾ ಕೋಣೆಯೆಲ್ಲ ತೋರಿಸಿದಳು. ದಿನಕ್ಕೊಂದು ಸೀರೆ ಅಂತ ನಾವು ಕಂಡದ್ದು, ತಿಂಗಳಿನ ಪಾಠಗಳನ್ನೆಲ್ಲ ಒಂದೇ ದಿನ ಮಾಡುವಾಗ ಮೂಲೆಯಲ್ಲಿ ನಿಂತು ಬದಲಿಸಿದ್ದಂತೆ. ಎದುರಿಗೆ ಕ್ಯಾಮೆರಾ ಬಿಟ್ಟರೆ ನರಪಿಳ್ಳೆ ಇಲ್ಲ. ಅರ್ಥ ಆಯ್ತಾ ಅಂತ ಕೇಳಿ ಗೋಡೆ ನೋಡಿ ನಗುವುದು, ಮನಸ್ಸಿನಲ್ಲೇ ಎಣಿಸುವುದು, ಗೋಡೆಗೆ ಶಭಾಷ್ ಅನ್ನುವುದು. ಕ್ಯಾಮೆರಾ ನಿಲ್ಲುವ ಕಡೆಯ ಕೌದಿಗೆ ಒಂದು ಒಣಗಿದ ಟೊಂಗೆಯನ್ನು ಪಿನ್ನು ಚುಚ್ಚಿ ಸಿಗಿಸಿದ್ದಳು. ಎಲೆ ಉದುರಿ ಕಡ್ಡಿ ಉಳಿದಿತ್ತು. ಬನ್ನಿ.

ಲಕೋಟೆಯಲ್ಲಿ ಒಂದು ಸಾಲೂ ಇರಲಿಲ್ಲ, ಆದರೆ ವಿಳಾಸದ ಅಕ್ಷರ ನಿನ್ನದು ಅಂತ ಗೊತ್ತಾಗದೇ ಇರುತ್ತದೆಯೇ ಅಂದಳು. ಅದನ್ನು ನೋಡಿಕೊಂಡೇ ಉಳಿದ ಪಾಠ ಮಾಡಿದಳಂತೆ. ಆಮೇಲೆ ಸ್ಟೂಲಿನ ಮೇಲೆ ಕೂತು, ರೇಣುಕಾ ಈಗ ಹೇಗಿದ್ದಾಳೆ ಅಂತ ಕೇಳಿದಳು. ಗಜೇಂದ್ರಗಡದಲ್ಲಿ ಕಾಲೇಜಿಗೆ ಹೋಗುತ್ತಾಳೆ, ನನ್ನ ಮನೆಗೆ ಬಂದು ಹೋಗುತ್ತಾಳೆ ಅಂದೆ. ಬಂದು ಹೋಗುತ್ತಾಳೆ ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದೆ. ಶಶಿಕಲಾ ಕೌದಿಯ ಅಂಚಿನ ದಾರ ಎಳೆಯುತ್ತ ಕೂತಿದ್ದಳು. ಅವಳ ದನಿಯಲ್ಲಿ ಆ ಬೆಲ್ಲ ಇರಲಿಲ್ಲ.

"ಒಂದ ಮಾತ ಹೇಳತೀನಿ, ನಗಬ್ಯಾಡ. ಆಕಿ ಫೋನ್ ಮಾಡಿದಾಗೊಮ್ಮೆ ನಾ ಎಲ್ಲಾ ಬಿಡಿಸಿ ಹೇಳತಿದ್ದೆ. ಕಡೀಕ ಆಕಿ, ನಮ್ಮ ಅಕ್ಕೋರೂ ಹಿಂಗ ಹೇಳ್ಯಾರ್ರಿ, ಹಂಗಾರ ನೀವು ಹೇಳಿದ್ದು ಬರೋಬ್ಬರಿ ಐತಿ ಅಂತಿದ್ಲು. ನನ್ನ ಪಾಠಕ್ಕ ನಿನ್ನ ಸಹಿ ಬೇಕಾಗಿತ್ತು ಆಕಿಗೆ. ನಾನು ಟೀವಿ ಟೀಚರ್, ನೀನು ನಮ್ಮ ಅಕ್ಕೋರು. ನನಗ ಎಷ್ಟ ಹೊಟ್ಟಿ ಉರದೈತಿ, ನಿನಗೇನ ಗೊತ್ತು?"

ಗೆಳತಿಯಾದವಳು ಇಂಥ ಹೊತ್ತಿನಲ್ಲಿ ಸಮಾಧಾನ ಹೇಳಬೇಕು. ನಿನ್ನ ಪಾಠವೂ ಚೆನ್ನಾಗಿತ್ತು, ಹುಡುಗರೆಲ್ಲ ಎದ್ದು ನಿಲ್ಲುತ್ತಿದ್ದರು ಅನ್ನಬೇಕು. ಎಲ್ಲ ನಿಜವೂ ಹೌದು, ಆಮೇಲೆ ಹೇಳಿದರಾಯಿತು. ಹೊರಗೆ ತರಬೇತಿಯ ಗಂಟೆ ಹೊಡೆಯಿತು. ಶಶಿಕಲಾ ಏಳಹೋದಳು. ನಾನು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ, ಕ್ಯಾಮೆರಾ ನಿಲ್ಲುವ ಜಾಗದಲ್ಲಿ, ಸರಿಯಾಗಿ ಕೂತೆ.

"ಮತ್ತೊಮ್ಮೆ ಹೇಳ" ಅಂದೆ. "ನಾ ಎಲ್ಲೂ ಹೊಂಟಿಲ್ಲ."